ಯೆಜ್ದಿಯನ್ನು ಹಡಗು ಹತ್ತಿಸುವ ಮುನ್ನ

ಬೈಕನ್ನು ಹೊರದೇಶಕ್ಕೆ ಕಳಿಸೋದು ಅಂದ್ರೆ ಪ್ಯಾಕಿಂಗ್ ಕೆಲಸ ಅಂತ ನಾವು ನಾಲ್ಕೂ ಜನ ಅಂದುಕೊಂಡಿದ್ವಿ. ಒಂದು ಮರದ ಪೆಟ್ಟಿಗೆ, ನಾಲ್ಕು ಬೆಲ್ಟು, ಒಂದಷ್ಟು ಥರ್ಮೋಕೋಲು. ಶನಿವಾರ ಶುರು ಮಾಡಿದ್ರೆ ಭಾನುವಾರ ಸಂಜೆಗೆ ಮುಗೀತು ಅನ್ನೋ ಲೆಕ್ಕ. ಹಿಡಿದಿದ್ದು ಹತ್ತು ವಾರ. ಅದರಲ್ಲಿ ಪ್ಯಾಕಿಂಗ್‌ಗೆ ಹೋಗಿದ್ದು ಒಂದೂವರೆ ದಿನ. ಉಳಿದ ದಿನವೆಲ್ಲ ಕಾಗದಪತ್ರಕ್ಕೆ ಕಾದೆವು, ಇಲ್ಲಾಂದ್ರೆ ಬೈಕಿನ ಒಳಗಿಂದ ಒಂದೊಂದೇ ವಸ್ತುವನ್ನು ಹೊರಗೆ ತೆಗೆಯುತ್ತಾ ಕೂತೆವು. ಪೆಟ್ರೋಲು, ಆಸಿಡ್ಡು, ಮಣ್ಣು, ಅಕ್ಕಿಕಾಳು, ಆಸ್ಬೆಸ್ಟಾಸ್, ನೀರು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಓಡಿದ ಒಂದು ಗಾಡಿಯಲ್ಲಿ ಗಾಡಿಯಲ್ಲದ್ದು ಎಷ್ಟಿರುತ್ತೆ ಅಂತ ಆಗ ಗೊತ್ತಾಯ್ತು.

ಗಾಡಿ 1989ರ ಯೆಜ್ದಿ ರೋಡ್‌ಕಿಂಗ್, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದ್ದು. ನಮ್ಮ ಕಾಲೇಜಿನಲ್ಲೇ ಓದಿ ಈಗ ಮೆಲ್ಬರ್ನ್‌ನಲ್ಲಿರುವ ಹಿರಿಯರೊಬ್ಬರ ತಂದೆಯವರು ಅದನ್ನು ತಿಪಟೂರಿನ ಕಡೆ ತೆಂಗಿನ ತೋಟಕ್ಕೂ ರೈಸ್‌ಮಿಲ್ಲಿಗೂ ಓಡಿಸ್ತಿದ್ದರು. ತಂದೆ ತೀರಿಕೊಂಡ ಮೇಲೆ ಅಮ್ಮ ಬೆಂಗಳೂರಿಗೆ ಬಂದರು, ಗಾಡಿಯೂ ಲಾರಿಯಲ್ಲಿ ಬಂತು. ಗುಜರಿಯವನು ಎರಡು ಸಲ ಬಂದು ರೇಟು ಹೇಳಿ ಹೋಗಿದ್ದ. ಆಗ ಅಣ್ಣ ನಮ್ಮ ಕನ್ನಡ ಸಂಘದ ಗುಂಪಿಗೆ ಮೆಸೇಜ್ ಹಾಕಿದ್ದು: "ಯಾರಾದ್ರೂ ಮೆಕ್ಯಾನಿಕಲ್ ಹುಡುಗರು ಇದೀರಾ? ಅಪ್ಪನ ಗಾಡಿ ಇಲ್ಲಿಗೆ ಕಳಿಸ್ಕೊಡ್ತೀರಾ?"

ಮೊದಲು ಕಾಗದ, ಯಾಕಂದ್ರೆ ಸ್ಪ್ಯಾನರ್ ಹಿಡಿಯೋಕೆ ಮುಂಚೆ ಅದು ಮುಗಿದಿರಬೇಕು. ಆಸ್ಟ್ರೇಲಿಯಾದಲ್ಲಿ 2018ರ ರಸ್ತೆ ವಾಹನ ಗುಣಮಟ್ಟ ಕಾಯಿದೆಯ ಪ್ರಕಾರ 25 ವರ್ಷ ದಾಟಿದ ವಾಹನಕ್ಕೆ ಬೇರೆಯದೇ ಒಂದು ಸುಲಭದ ದಾರಿ ಇದೆ. ಆದರೆ ಆಮದು ಅನುಮತಿ ಕೈಗೆ ಬಂದ ಮೇಲೇ ಗಾಡಿ ಅಲ್ಲಿಗೆ ಮುಟ್ಟಬೇಕು. ಅನುಮತಿ ಇಲ್ಲದೆ ಬಂದಿಳಿದ ಗಾಡಿಯನ್ನು ಹಿಂದಕ್ಕೆ ಕಳಿಸಬೇಕಾಗಬಹುದು, ನಾಶ ಮಾಡಬೇಕಾಗಲೂಬಹುದು. ಅನುಮತಿ ಕೇಳಬೇಕಾದ್ರೆ ಗಾಡಿ ನನ್ನದು ಅಂತ ತೋರಿಸಬೇಕು, ಆರ್‌ಸಿ ಇನ್ನೂ ತಂದೆಯವರ ಹೆಸರಿನಲ್ಲೇ ಇತ್ತು. ಮಾಲೀಕರು ತೀರಿಕೊಂಡಾಗ ವಾರಸುದಾರರ ಹೆಸರಿಗೆ ಮಾಡಿಸೋಕೆ ಫಾರಂ 31. ಹತ್ತು ವಾರದಲ್ಲಿ ಬಹುಪಾಲು ತಿಂದಿದ್ದು ಈ ಕೆಲಸವೇ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯುವಾಗ ಒಂದು ಅಂಕಿ ಗ್ರೀಸಿನಲ್ಲಿ ಮುಚ್ಚಿಹೋಗಿ 3 ಇದ್ದದ್ದು 8ರ ಹಾಗೆ ಕಂಡಿತ್ತು. ಅದು ಹಾಗೇ ಹೋಗಿದ್ದರೆ ಎರಡು ದೇಶದ ಕಾಗದದಲ್ಲಿ ಎರಡು ಬೇರೆ ಬೇರೆ ಗಾಡಿ ಆಗ್ತಿತ್ತು. ನಂಬರನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಓದಿ, ಇನ್ನೊಬ್ಬರ ಕೈಲಿ ಓದಿಸಿ, ಆಮೇಲೆ ಬರೆದುಕೊಳ್ಳಿ.

ಇನ್ನು ಗಾಡಿಗೆ ಬರೋಣ.

ಸಮುದ್ರಯಾನದ ನಿಯಮಗಳಲ್ಲಿ ಪೆಟ್ರೋಲ್ ಇಂಜಿನ್ನಿನ ವಾಹನ ಅಪಾಯಕಾರಿ ಸರಕು: ಯುಎನ್ ಸಂಖ್ಯೆ 3166, ಒಂಬತ್ತನೇ ವರ್ಗ. ಟ್ಯಾಂಕು ಖಾಲಿ ಇದ್ದು, ಬ್ಯಾಟರಿ ಶಾರ್ಟ್ ಆಗದ ಹಾಗೆ ಇದ್ದರೆ ಆ ಕಟ್ಟುಪಾಡುಗಳಿಂದ ವಿನಾಯಿತಿ ಸಿಗುತ್ತೆ. ಬ್ಯಾಟರಿಯನ್ನು ನಾವು ಬಿಚ್ಚಿ ಇಲ್ಲೇ ಬಿಟ್ಟೆವು. ಹಳೇ ಲೆಡ್ ಆಸಿಡ್ ಬ್ಯಾಟರಿಗೆ ಸಮುದ್ರ ದಾಟುವಷ್ಟು ಯೋಗ್ಯತೆ ಇಲ್ಲ, ಅಲ್ಲೇ ಹೊಸದು ಕೊಂಡರಾಯ್ತು. ಟ್ಯಾಂಕಿನದ್ದೂ ಹಾಗೇ ಸುಲಭ ಅಂದುಕೊಂಡ್ವಿ. ಪೈಪು ಕಿತ್ತು ಡಬ್ಬಿಗೆ ಇಳಿಸಿದೆವು, ಪೆಟ್ರೋಲ್ ಕಾಕ್ ಬಿಚ್ಚಿದೆವು, ಕಾರ್ಬುರೇಟರಿನ ಬಟ್ಟಲನ್ನೂ ಖಾಲಿ ಮಾಡಿದೆವು. ಟ್ಯಾಂಕು ಅಲ್ಲಾಡಿಸಿದರೆ ಸದ್ದಿಲ್ಲ.

ಅಷ್ಟೊತ್ತಿಗೆ ಅಮ್ಮ ತಟ್ಟೆ ಹಿಡಿದು ಹೊರಗೆ ಬಂದರು. ಮೊದಲ ದಿನ ಪೂಜೆ ಮಾಡದೆ ಗಾಡಿಗೆ ಕೈ ಹಾಕಿದ್ರಲ್ಲ ಅಂತ ಬೇಜಾರು ಮಾಡ್ಕೊಂಡಿದ್ದರು. "ಪೆಟ್ರೋಲೆಲ್ಲ ತೆಗೆದಾಯ್ತಲ್ಲಪ್ಪ, ಒಂದು ಬಿಲ್ಲೆ ಕರ್ಪೂರ ಬೆಳಗಿಬಿಡ್ತೀನಿ, ಎರಡೇ ನಿಮಿಷ" ಅಂದರು. ನಮ್ಮಲ್ಲೇ ಒಬ್ಬ "ಖಾಲಿ ಟ್ಯಾಂಕು ತಾನೇ, ಬೆಳಗಲಿ ಬಿಡ್ರೋ" ಅಂದ. ಬೆಂಕಿಪೊಟ್ಟಣ ಅಮ್ಮನ ಕೈಲಿತ್ತು.

ಈ ಲೇಖನದಲ್ಲಿ ಒಂದೇ ಒಂದು ಲೆಕ್ಕ ನೆನಪಿಡ್ತೀರಿ ಅಂದ್ರೆ ಇದನ್ನೇ ನೆನಪಿಡಿ. ಪೆಟ್ರೋಲ್ ಆವಿ ಗಾಳಿಯಲ್ಲಿ ಸುಮಾರು ಶೇ. 1.4ರಿಂದ ಶೇ. 7.6ರ ನಡುವೆ ಇದ್ದಾಗ ಮಾತ್ರ ಕಿಡಿಗೆ ಹತ್ತಿಕೊಳ್ಳುತ್ತೆ. ತುಂಬಿದ ಟ್ಯಾಂಕಿನ ಮೇಲ್ಭಾಗದಲ್ಲಿ ಆವಿ ಇದಕ್ಕಿಂತ ಎಷ್ಟೋ ದಟ್ಟವಾಗಿರುತ್ತೆ, ಉರಿಯೋಕೆ ಬೇಕಾದಷ್ಟು ಗಾಳಿಯೇ ಒಳಗಿರಲ್ಲ. ಟ್ಯಾಂಕು ಖಾಲಿ ಮಾಡಿದಾಗಲೇ ಗಾಳಿ ಒಳಗೆ ನುಗ್ಗೋದು. 15 ಲೀಟರ್ ಟ್ಯಾಂಕು ಅಂತ ಹಿಡಿಯಿರಿ. ಅದರ ಶೇ. 1.4 ಅಂದ್ರೆ 0.21 ಲೀಟರ್ ಆವಿ. ಕೋಣೆಯ ಉಷ್ಣತೆಯಲ್ಲಿ ಒಂದು ಮೋಲ್ ಅನಿಲಕ್ಕೆ ಸುಮಾರು 24.5 ಲೀಟರ್ ಜಾಗ, ಅಂದ್ರೆ ಇದು 0.0086 ಮೋಲ್. ಪೆಟ್ರೋಲ್ ಆವಿಯ ಸರಾಸರಿ ಅಣುತೂಕ 70 ಅಂತ ಹಿಡಿದರೆ ಬರೋದು 0.6 ಗ್ರಾಂ. ದ್ರವದ ಲೆಕ್ಕದಲ್ಲಿ ಒಂದು ಮಿಲಿಲೀಟರ್ ಕೂಡ ಇಲ್ಲ! ಟ್ಯಾಂಕಿನ ಬೆಸುಗೆಯ ಸಂದಿಯಲ್ಲಿ ಅಂಟಿಕೊಂಡ ಇಷ್ಟೇ ಇಷ್ಟು ಪೆಟ್ರೋಲ್ ಸಾಕು, ಟ್ಯಾಂಕು ಬಾಂಬ್ ಆಗೋಕೆ. ಪೆಟ್ರೋಲ್ ತುಂಬಿದ್ದಾಗಿನದ್ದಕ್ಕಿಂತ ಆಗ ತಾನೇ ಖಾಲಿ ಮಾಡಿದಾಗಿನ ಟ್ಯಾಂಕೇ ಹೆಚ್ಚು ಅಪಾಯ.

ಲೆಕ್ಕ ಮಾಡಿದ್ದು ಆಮೇಲೆ. ಆ ಕ್ಷಣಕ್ಕೆ ನಮ್ಮಲ್ಲೊಬ್ಬ ಓಡಿಹೋಗಿ ಅಮ್ಮನ ಕೈಯಿಂದ ಬೆಂಕಿಪೊಟ್ಟಣ ಇಸ್ಕೊಂಡ. ಅಮ್ಮ ಗಾಬರಿಯಾದರು, ಆಮೇಲೆ ಕೋಪ ಬಂತು, ಆಮೇಲೆ ವಿಷಯ ಕೇಳಿ ಸುಮ್ಮನೆ ಒಳಗೆ ಹೋದರು. "ಬಿಡ್ರೋ" ಅಂದವನು ಆವತ್ತು ಮಧ್ಯಾಹ್ನ ಊಟ ಸರಿಯಾಗಿ ಮಾಡಲಿಲ್ಲ.

ಸರಿಯಾದ ಕ್ರಮ ಹೀಗೆ. ಬಯಲಿನಲ್ಲಿ, ನೆರಳಿನಲ್ಲಿ, ಸ್ವಿಚ್ಚು ಒಲೆ ಯಾವುದೂ ಹತ್ತಿರ ಇಲ್ಲದ ಕಡೆ ಟ್ಯಾಂಕನ್ನು ಬಿಚ್ಚಿ, ಮುಚ್ಚಳ ತೆಗೆದು, ಬಾಯಿ ಕೆಳಗಾಗಿ ಬೋರಲು ಇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಟ್ಯಾಂಕು ನೆಟ್ಟಗೆ ಇಟ್ಟರೆ ಆವಿ ಬಾವಿಯೊಳಗಿನ ನೀರಿನ ಹಾಗೆ ಅಲ್ಲೇ ಕೂರುತ್ತೆ, ಬೋರಲು ಇಟ್ಟರೆ ತಾನೇ ಸುರಿದು ಹೋಗುತ್ತೆ. ನಾವು ನಾಲ್ಕು ದಿನ ಬಿಟ್ಟು, ಕೆಮಿಕಲ್ ವಿಭಾಗದಿಂದ ಗ್ಯಾಸ್ ಮೀಟರ್ ಕಾಡಿ ಬೇಡಿ ತಂದು, ಸೊನ್ನೆ ತೋರಿಸಿದ ಮೇಲೆ ಟ್ಯಾಂಕಿನೊಳಗೆ ಸ್ವಲ್ಪ 2ಟಿ ಆಯಿಲ್ ಹಾಕಿ ಎಲ್ಲಾ ಕಡೆ ತಿರುಗಿಸಿ ಬಸಿದೆವು. ಒಣಗಿದ ಬರೀ ಕಬ್ಬಿಣ ಸಮುದ್ರದ ಹವೆಗೆ ತುಕ್ಕು ಹಿಡಿಯೋಕೆ ಕಾಯ್ತಾ ಇರುತ್ತೆ.

ಟೂ ಸ್ಟ್ರೋಕ್ ಇಂಜಿನ್ನಿನದ್ದು ಇನ್ನೊಂದು ಕಷ್ಟ. ಫೋರ್ ಸ್ಟ್ರೋಕಿನಲ್ಲಿ ಕ್ರ್ಯಾಂಕು ಆಯಿಲಿನ ಕೊಳದ ಮೇಲಿರುತ್ತೆ. ಯೆಜ್ದಿಯಲ್ಲಿ ಪೆಟ್ರೋಲ್ ಜೊತೆ ಬೆರೆತು ಬರುವ ಆಯಿಲೇ ಕ್ರ್ಯಾಂಕಿಗೂ ಬೇರಿಂಗಿಗೂ ಆಧಾರ, ಪೆಟ್ರೋಲು ನಿಂತರೆ ಅದೂ ನಿಂತಿತು. ಹಾಗಾಗಿ ಪ್ಲಗ್ ಬಿಚ್ಚಿ ಸಿಲಿಂಡರಿಗೆ ಎರಡು ಚಮಚ, ಕಾರ್ಬುರೇಟರ್ ತೆಗೆದ ಜಾಗದಿಂದ ಕ್ರ್ಯಾಂಕ್‌ಕೇಸಿಗೆ ಎರಡು ಚಮಚ 2ಟಿ ಆಯಿಲ್ ಬಿಟ್ಟು ನಿಧಾನಕ್ಕೆ ಹತ್ತಾರು ಸಲ ಕಿಕ್ ಮಾಡಿದೆವು. ಪಿಸ್ಟನ್ನನ್ನು ಪೂರ್ತಿ ಮೇಲೆ ನಿಲ್ಲಿಸಿದ್ರೆ ಎಲ್ಲಾ ಪೋರ್ಟೂ ಮುಚ್ಚುತ್ತೆ ಅಂತ ನಮ್ಮಲ್ಲಿ ವಾದ ಆಯ್ತು. ಇಲ್ಲ. ಮೇಲೆ ಹೋದಾಗ ಎಕ್ಸಾಸ್ಟ್ ಮತ್ತು ಟ್ರಾನ್ಸ್‌ಫರ್ ಪೋರ್ಟು ಮುಚ್ಚುತ್ತವೆ, ಆದರೆ ಪಿಸ್ಟನ್ನಿನ ಲಂಗದ ಕೆಳಗೆ ಇನ್‌ಟೇಕ್ ತೆರೆದುಕೊಳ್ಳುತ್ತೆ. ಕೆಳಗೆ ಬಂದರೆ ಉಲ್ಟಾ. ಎಲ್ಲಾ ಬಾಗಿಲೂ ಒಟ್ಟಿಗೆ ಮುಚ್ಚುವ ಜಾಗ ಹುಡುಕುತ್ತಾ ಕೂರುವ ಬದಲು ಇನ್‌ಟೇಕಿನ ಬಾಯಿ ಮತ್ತು ಎರಡೂ ಸೈಲೆನ್ಸರಿನ ತುದಿಗೆ ಆಯಿಲ್ ಬಟ್ಟೆ ತುರುಕಿ, ಪ್ಲಾಸ್ಟಿಕ್ ಸುತ್ತಿ, ಕೆಂಪು ರಿಬ್ಬನ್ ಕಟ್ಟಿದೆವು. ರಿಬ್ಬನ್ ಮುಖ್ಯ, ಯಾಕೆ ಅಂತ ಕೊನೆಗೆ ಹೇಳ್ತೀವಿ.

ಇನ್ನು ಮಣ್ಣು. ಆಸ್ಟ್ರೇಲಿಯಾಕ್ಕೆ ಹೋಗುವ ವಸ್ತುವಿನ ಮೇಲೆ ಮಣ್ಣು, ಬೀಜ, ಎಲೆ, ಹುಳ ಯಾವುದೂ ಇರಕೂಡದು. ಇದ್ದರೆ ಅಲ್ಲಿ ತೊಳೆಸುವ ಖರ್ಚು ನಿಮ್ಮದು, ತೊಳೆದು ಹೋಗದಿದ್ದರೆ ಗಾಡಿ ಒಳಗೆ ಬರಲ್ಲ. ನಾವು ಮೊದಲು ವಾಟರ್ ಸರ್ವಿಸ್‌ಗೆ ಕೊಟ್ಟು ಬೀಗಿದೆವು. ಥಳಥಳ ಹೊಳೀತಿತ್ತು. ಮಡ್‌ಗಾರ್ಡ್ ಬಿಚ್ಚಿ ತಿರುಗಿಸಿ ನೋಡಿದರೆ ಒಳಮಡಿಕೆಯಲ್ಲಿ ಹೆಂಚಿನಷ್ಟು ದಪ್ಪದ ಕೆಮ್ಮಣ್ಣು. ನೀರಿನ ರಭಸಕ್ಕೆ ಅದು ಕರಗಿರಲಿಲ್ಲ, ಬದಲಿಗೆ ನೀರು ಹಬ್ಬಿನೊಳಗೆ ಹೋಗಿ ಬ್ರೇಕ್ ಡ್ರಮ್ಮಿನಲ್ಲಿ ನಿಂತಿತ್ತು. ಆಮೇಲೆ ಬಂದೂಕು ಬಿಟ್ಟು ಹಳೇ ಟೂತ್‌ಬ್ರಷ್ಷು, ಸೈಕಲ್ ಕಡ್ಡಿ, ಬಟ್ಟೆ ಹಿಡಿದೆವು. ಚೈನ್ ಕವರಿನ ಒಳಗೆ, ಫೂಟ್‌ರೆಸ್ಟಿನ ಕೊಳವೆಯಲ್ಲಿ, ಸ್ಟ್ಯಾಂಡಿನ ಸ್ಪ್ರಿಂಗಿನಲ್ಲಿ, ಟೈರಿನ ಗಟ್ಟಿಗಳ ನಡುವೆ. ಒಟ್ಟು ಸಿಕ್ಕ ಮಣ್ಣು ಪೇಪರಿನ ಮೇಲೆ ಗುಡ್ಡೆ ಆಯ್ತು. ಅಮ್ಮ ಅದನ್ನು ಕಸಕ್ಕೆ ಹಾಕೋಕೆ ಬಿಡಲಿಲ್ಲ. "ತೋಟದ್ದು" ಅಂದು ತುಳಸಿ ಕಟ್ಟೆಗೆ ಹಾಕಿದರು.

ಟೂಲ್ ಬಾಕ್ಸಿನ ಮೂಲೆಯಲ್ಲಿ ಗ್ರೀಸಿಗೆ ಅಂಟಿದ ಹತ್ತಿಪ್ಪತ್ತು ಅಕ್ಕಿ ಕಾಳು ಇದ್ದವು, ರೈಸ್‌ಮಿಲ್ಲಿನ ಕಾಲದವು. ಇಷ್ಟಕ್ಕೆಲ್ಲ ಯಾರು ನೋಡ್ತಾರೆ ಅನ್ನಿಸಬಹುದು. ಆಸ್ಟ್ರೇಲಿಯಾದವರು ತುಂಬಾ ಹೆದರೋ ಹುಳಗಳಲ್ಲಿ ಒಂದು ಖಾಪ್ರಾ ಬೀಟಲ್, ನಮ್ಮ ಉಪಖಂಡದ್ದೇ, ಉಗ್ರಾಣದ ಧಾನ್ಯ ತಿನ್ನೋದು. ಅದರ ಮರಿಹುಳ ಆಹಾರ ಇಲ್ಲದೆಯೂ ಸಂದಿಯೊಳಗೆ ವರ್ಷಗಟ್ಟಲೆ ಬದುಕಿರಬಲ್ಲದು. ಹತ್ತು ಕಾಳು ಅಕ್ಕಿ ಅವರಿಗೆ ಹತ್ತು ಕಾಳಾಗಿ ಕಾಣಲ್ಲ.

ಹ್ಯಾಂಡಲಿಗೆ ತಂತಿಯಿಂದ ಬಿಗಿದಿದ್ದ ಒಣಗಿದ ಚೆಂಡುಹೂ, ಯಾವುದೋ ಆಯುಧಪೂಜೆಯದ್ದು. ಹೆಡ್‌ಲೈಟಿನ ಹಿಂದೆ ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿ, ಕಲ್ಲಿನ ಹಾಗಾಗಿತ್ತು. ಇವನ್ನು ತೆಗೆಯೋಕೆ ನಮಗೆ ಕೈ ಬರಲಿಲ್ಲ. ಅಮ್ಮನೇ ಕತ್ತರಿ ತಂದು ತೆಗೆದರು. ಟ್ಯಾಂಕಿನ ಮೇಲಿನ ಕುಂಕುಮ ಮಾತ್ರ ಬಣ್ಣಕ್ಕೇ ಇಳಿದುಹೋಗಿತ್ತು, ಎಷ್ಟು ಉಜ್ಜಿದರೂ ಒಂದು ಗುಲಾಬಿ ಕಲೆ ಉಳೀತು. ಕಲೆಗೆ ಅಡ್ಡಿಯಿಲ್ಲ.

ಕಣ್ಣಿಗೆ ಕಾಣದ ಇನ್ನೊಂದು ಇತ್ತು. ಆ ಕಾಲದ ಬ್ರೇಕ್ ಲೈನರುಗಳಲ್ಲಿ, ಗ್ಯಾಸ್ಕೆಟ್ಟುಗಳಲ್ಲಿ ಆಸ್ಬೆಸ್ಟಾಸ್ ಬಳಕೆ ಸಾಮಾನ್ಯ. ಆಸ್ಟ್ರೇಲಿಯಾ 2003ರ ಡಿಸೆಂಬರ್ 31ರಿಂದ ಆಸ್ಬೆಸ್ಟಾಸ್ ಇರುವ ಯಾವ ವಸ್ತುವನ್ನೂ ಒಳಗೆ ಬಿಡಲ್ಲ, ಇಲ್ಲ ಅಂತ ಖಾತ್ರಿ ಮಾಡಿಕೊಳ್ಳೋದು ತರಿಸಿಕೊಳ್ಳುವವನ ಹೊಣೆ. ಬ್ರೇಕ್ ಡ್ರಮ್ ಬಿಚ್ಚಿದ ಕೂಡಲೇ "ಉಫ್" ಅಂತ ಊದಿ ಧೂಳು ಹಾರಿಸೋದು ನಮ್ಮೆಲ್ಲ ಮೆಕ್ಯಾನಿಕ್ಕುಗಳ ಅಭ್ಯಾಸ. ದಯವಿಟ್ಟು ಮಾಡಬೇಡಿ, ಆ ಧೂಳೇ ಶ್ವಾಸಕೋಶಕ್ಕೆ ಹೋಗೋದು. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನೂ ಹಳೇ ಲೈನರನ್ನೂ ಕವರಿನಲ್ಲಿ ಕಟ್ಟಿಡಿ. ನಾವು ಬ್ರೇಕ್ ಶೂ, ಹೆಡ್ ಮತ್ತು ಎಕ್ಸಾಸ್ಟ್ ಗ್ಯಾಸ್ಕೆಟ್ ಎಲ್ಲಾ ಬದಲಾಯಿಸಿ, ಹೊಸದರ ಚೂರನ್ನೂ ಲ್ಯಾಬಿಗೆ ಕಳಿಸಿ ವರದಿ ತರಿಸಿದೆವು. ಡಬ್ಬಿಯ ಮೇಲೆ "ಆಸ್ಬೆಸ್ಟಾಸ್ ಇಲ್ಲ" ಅಂತ ಅಚ್ಚು ಹಾಕಿದ್ದು ಸಾಕ್ಷಿ ಆಗಲ್ಲ.

ಈಗ ಪೆಟ್ಟಿಗೆ. ಪೂರ್ತಿ ಕಂಟೇನರ್ ಬೇಡದವರಿಗೆ ಬಾಡಿಗೆ ಘನ ಮೀಟರಿನ ಲೆಕ್ಕ. ಒಂದು ಘನ ಮೀಟರ್ ಅಥವಾ ಒಂದು ಟನ್, ಯಾವುದು ಹೆಚ್ಚೋ ಅದು. 140 ಕಿಲೋ ಆಸುಪಾಸಿನ ಗಾಡಿಗೆ ಪೆಟ್ಟಿಗೆ ಸೇರಿಸಿದರೂ 200 ಕಿಲೋ ಮುಟ್ಟುತ್ತೆ ಅಷ್ಟೆ, ಹಾಗಾಗಿ ದುಡ್ಡು ತಿನ್ನೋದು ಗಾತ್ರ. ಗಾಡಿ ಇದ್ದ ಹಾಗೇ ಆದರೆ 2.15 ಗುಣಿಸು 0.85 ಗುಣಿಸು 1.20, ಅಂದ್ರೆ 2.19 ಘನ ಮೀಟರ್. ಮುಂದಿನ ಚಕ್ರ ಬಿಚ್ಚಿ, ಹ್ಯಾಂಡಲ್ ಕಳಚಿ ಟ್ಯಾಂಕಿನ ಪಕ್ಕ ಇಟ್ಟು, ಮೂತಿ ಬಗ್ಗಿಸಿ ಕೂರಿಸಿದರೆ 1.85 ಗುಣಿಸು 0.60 ಗುಣಿಸು 1.05, ಅಂದ್ರೆ 1.17. ಹತ್ತಿರ ಹತ್ತಿರ ಅರ್ಧ! ಕುಣಿದುಬಿಟ್ಟೆವು.

ಆದರೆ ಅಗಲ ಕಡಿಮೆ ಮಾಡಿದ್ದಕ್ಕೆ ಬೆಲೆ ಬೇರೆ ಕಡೆ ತೆರಬೇಕು. ಸರಕು ಕಟ್ಟುವ ಅಂತರರಾಷ್ಟ್ರೀಯ ಸಂಹಿತೆ ಒರಟು ಸಮುದ್ರಕ್ಕೆ ಅಡ್ಡಡ್ಡ 0.8 ಜಿ ವೇಗೋತ್ಕರ್ಷ ಹಿಡಿಯಿರಿ ಅನ್ನುತ್ತೆ. 140 ಕಿಲೋಗೆ ಅದು ಸುಮಾರು 1100 ನ್ಯೂಟನ್. ಗುರುತ್ವ ಕೇಂದ್ರ ಅರ್ಧ ಮೀಟರ್ ಎತ್ತರದಲ್ಲಿದ್ದರೆ ಗಾಡಿಯನ್ನು ಮಗುಚುವ ಭ್ರಾಮಕ 550 ನ್ಯೂಟನ್ ಮೀಟರ್. 0.8 ಮೀಟರ್ ಎತ್ತರದಿಂದ ತಳಕ್ಕೆ ಬೆಲ್ಟು ಕಟ್ಟುತ್ತೀವಿ. ತಳದಲ್ಲಿ ನಡುವಿನಿಂದ 0.40 ಮೀಟರ್ ದೂರಕ್ಕೆ ಕಟ್ಟಿದರೆ ಬೆಲ್ಟಿನ ಎಳೆತ 1540 ನ್ಯೂಟನ್. ಕಿರಿದಾದ ಪೆಟ್ಟಿಗೆಯಲ್ಲಿ 0.28 ಮೀಟರಿಗೆ ಕಟ್ಟಿದರೆ 2080. ಮೂರನೇ ಒಂದು ಪಾಲು ಏರಿಕೆ. ಒಳ್ಳೆ ಬೆಲ್ಟಿಗೆ ಇದು ಲೆಕ್ಕಕ್ಕಿಲ್ಲ, ಕಿತ್ತುಹೋಗಲ್ಲ. ತೊಂದರೆ ಇರೋದು ಸಡಿಲಾಗೋದರಲ್ಲಿ. ಹಡಗು 15 ಸೆಕೆಂಡಿಗೊಮ್ಮೆ ಹೊಯ್ದಾಡಿದರೆ ದಿನಕ್ಕೆ 5760 ಸಲ. ಒಂದೊಂದು ಸಲಕ್ಕೂ ಶಾಕ್ ಅಬ್ಸಾರ್ಬರ್ ಒಂಚೂರು ಕುಗ್ಗುತ್ತೆ, ಬೆಲ್ಟು ಒಂಚೂರು ಸಡಿಲ ಆಗುತ್ತೆ, ಆಮೇಲೆ ಜಗ್ಗುತ್ತೆ. ಇದಕ್ಕೆ ಮದ್ದು ಗಾಡಿಯನ್ನು ಸ್ಪ್ರಿಂಗಿನ ಮೇಲೆ ನಿಲ್ಲಿಸದೇ ಇರೋದು. ಮುಂದಿನ ಆಕ್ಸೆಲನ್ನು ಕಬ್ಬಿಣದ ಬ್ರಾಕೆಟ್ಟಿಗೆ ಬೋಲ್ಟ್ ಹಾಕಿ, ಇಂಜಿನ್ ಕೆಳಗಿನ ಫ್ರೇಮಿಗೆ ಮರದ ದಿಮ್ಮಿ ಕೊಟ್ಟು ಅದರ ಮೇಲೆ ಭಾರ ಕೂರಿಸಿ, ಆಮೇಲೆ ಬೆಲ್ಟು ಬಿಗಿದೆವು. ಬೆಲ್ಟು ಪಾಲಿಯೆಸ್ಟರಿನದ್ದೇ ಇರಲಿ, ನೈಲಾನು ಹೆಚ್ಚು ಹಿಗ್ಗುತ್ತೆ. ಸೆಂಟರ್ ಸ್ಟ್ಯಾಂಡ್ ಹಾಕಿ ಕಳಿಸೋದು ಮಾತ್ರ ಬೇಡವೇ ಬೇಡ.

ಮೊದಲ ಪೆಟ್ಟಿಗೆ ವ್ಯರ್ಥ ಆಯ್ತು ಅಂತಲೂ ಹೇಳಿಬಿಡ್ತೀವಿ. ಸಾಮಿಲ್ಲಿಗೆ ಹೋಗಿ ಅಗ್ಗಕ್ಕೆ ಸಿಕ್ಕ ಕಾಡುಮರ ತಂದು, ಬಡಗಿಯನ್ನು ಕೂರಿಸಿ ಎರಡು ದಿನ ಮಾಡಿಸಿದ್ದು. ಕಸ್ಟಮ್ಸ್ ಏಜೆಂಟ್ ಫೋಟೋ ನೋಡಿ ಒಂದೇ ಪ್ರಶ್ನೆ ಕೇಳಿದರು, "ಸೀಲ್ ಎಲ್ಲಿ?" ದೇಶ ದಾಟುವ ಹಸಿಮರದ ಪೆಟ್ಟಿಗೆಗಳಿಗೆ ಐಎಸ್‌ಪಿಎಂ 15 ಅನ್ನೋ ನಿಯಮ ಇದೆ. ಮರದ ತಿರುಳು 56 ಡಿಗ್ರಿ ಮುಟ್ಟಿ 30 ನಿಮಿಷ ಬಿಸಿಯಾಗಿರಬೇಕು, ಇಲ್ಲ ನಿಗದಿತ ಹೊಗೆ ಹಾಕಿಸಿರಬೇಕು, ತೆನೆ ಚಿಹ್ನೆಯ ಮುದ್ರೆ ಬಿದ್ದಿರಬೇಕು. ಪ್ಲೈವುಡ್ಡಿಗೆ ಈ ತಾಪತ್ರಯ ಇಲ್ಲ, ಅಂಟು ಮತ್ತು ಶಾಖದಲ್ಲಿ ಹಾದು ಬಂದಿರುತ್ತೆ. ಕೊನೆಗೆ ತಳಕ್ಕೆ ಮುದ್ರೆ ಬಿದ್ದ ಪ್ಯಾಲೆಟ್ಟು, ಸುತ್ತ ಪ್ಲೈವುಡ್. ಪ್ಯಾಲೆಟ್ಟಿನ ಕೆಳಗೆ ಫೋರ್ಕ್‌ಲಿಫ್ಟಿನ ಕೈ ಹೋಗುವಷ್ಟು ಸಂದಿ ಇರಲಿ, ಇಲ್ಲದಿದ್ದರೆ ಅವರು ಪೆಟ್ಟಿಗೆಯ ಹೊಟ್ಟೆಗೇ ತಿವೀತಾರೆ.

ಆ ಕಾಡುಮರ ಹೋಗಿದ್ದು ಒಳ್ಳೆಯದೇ ಆಯ್ತು. ಯಾಕೆ ಅಂದ್ರೆ ನೀರು. ಹಡಗಿನಲ್ಲಿ ತುಕ್ಕು ತರೋದು ಸಮುದ್ರದ ಗಾಳಿ ಅಂತ ನಾವು ಸಿಲಿಕಾ ಜೆಲ್ ಪೊಟ್ಟಣ ರಾಶಿ ಹಾಕಿಕೊಂಡಿದ್ವಿ. ಲೆಕ್ಕ ನೋಡಿ. 30 ಡಿಗ್ರಿಯಲ್ಲಿ, ಶೇ. 80 ಆರ್ದ್ರತೆಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಾವಿ. ನಮ್ಮ ಪೆಟ್ಟಿಗೆಯ 1.17 ಘನ ಮೀಟರಿಗೆ 28 ಗ್ರಾಂ, ಅರ್ಧ ಲೋಟ ನೀರೂ ಇಲ್ಲ. ಅದೇ 50 ಕಿಲೋ ಮರದ ಪೆಟ್ಟಿಗೆ ಶೇ. 20 ತೇವದಿಂದ ಶೇ. 12ಕ್ಕೆ ಒಣಗಿತು ಅಂದ್ರೆ ಬಿಡೋದು 3.3 ಕಿಲೋ ನೀರು, ನೂರು ಪಟ್ಟಿಗೂ ಮೇಲೆ. ಹಗಲು ಕಂಟೇನರ್ ಕಾದಾಗ ಮರ ಬೆವರುತ್ತೆ, ರಾತ್ರಿ ತಗಡು ತಣ್ಣಗಾದಾಗ ಆ ಆವಿ ಹನಿಯಾಗಿ ಮೇಲಿಂದ ತೊಟ್ಟಿಕ್ಕುತ್ತೆ. ಆರ್ದ್ರತೆ ಸುಮಾರು ಶೇ. 60 ದಾಟಿದರೆ ಕಬ್ಬಿಣದ ತುಕ್ಕು ಜೋರಾಗುತ್ತೆ. ಅಂದ್ರೆ ಗಾಡಿಗೆ ನೀರು ಹಾಕೋದು ಅದನ್ನು ಕಾಪಾಡೋಕೆ ಮಾಡಿದ ಪೆಟ್ಟಿಗೆಯೇ. ಮುದ್ರೆ ಬಿದ್ದಿದೆ ಅಂದ್ರೆ ಮರ ಒಣಗಿದೆ ಅಂತಲೂ ಅಲ್ಲ. ಅದು ಹುಳದ ಲೆಕ್ಕ, ನೀರಿನದ್ದಲ್ಲ. ತೇವ ಅಳೆಯುವ ಮೀಟರ್ ಸಿವಿಲ್ ವಿಭಾಗದಲ್ಲಿರುತ್ತೆ, ಕೇಳಿ. ಕ್ರೋಮಿಗೆ, ರಿಮ್ಮಿಗೆ, ಕಡ್ಡಿಗಳಿಗೆ ವ್ಯಾಸಲೀನ್ ತೆಳ್ಳಗೆ ಸವರಿ. ಗಾಡಿಯನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಬೇಡಿ, ಒಳಗೆ ಸಿಕ್ಕ ತೇವ ಹೊರಗೆ ಹೋಗೋಕೆ ದಾರಿ ಇರಲ್ಲ. ಮೇಲೆ ಒಂದು ಹಳೇ ಹತ್ತಿ ಬೆಡ್‌ಶೀಟು, ಪೆಟ್ಟಿಗೆಯ ಮುಚ್ಚಳಕ್ಕೆ ಮಾತ್ರ ಪ್ಲಾಸ್ಟಿಕ್.

ವಿಮೆ ಬೇಡ, ಹಳೇ ಗಾಡಿ ತಾನೇ ಅಂತ ಅಣ್ಣ ಅಂದರು. ಮಾಡಿಸಿ ಅಂದೆವು. ಹಡಗಿಗೆ ಅಪಾಯ ಬಂದು ಎಲ್ಲರ ಒಳಿತಿಗಾಗಿ ಖರ್ಚು ಮಾಡಿದರೆ ಅದನ್ನು ಸರಕಿನ ಮಾಲೀಕರೆಲ್ಲ ಹಂಚಿಕೊಳ್ಳಬೇಕು ಅನ್ನೋದು ಸಮುದ್ರದ ಬಹಳ ಹಳೇ ಕಾನೂನು. 2021ರಲ್ಲಿ ಸೂಯೆಜ್ ಕಾಲುವೆಯಲ್ಲಿ ಸಿಕ್ಕಿಕೊಂಡ ಎವರ್ ಗಿವನ್ ಹಡಗಿನ ವಿಷಯದಲ್ಲೂ ಅದನ್ನೇ ಘೋಷಿಸಿದ್ದರು. ನಿಮ್ಮ ಸರಕು ಚೆನ್ನಾಗೇ ಇದ್ದರೂ ಪಾಲು ಕಟ್ಟಿದ ಮೇಲೇ ಕೈಗೆ.

ಪೆಟ್ಟಿಗೆ ಮುಚ್ಚೋ ದಿನ ಅಮ್ಮ ಮತ್ತೆ ತಟ್ಟೆ ಹಿಡಿದು ಬಂದರು. ಈ ಸಲ ನಾವೇ ಬೆಂಕಿಪೊಟ್ಟಣ ಕೊಟ್ಟೆವು, ಪೆಟ್ಟಿಗೆಯಿಂದ ಹತ್ತಡಿ ದೂರದಲ್ಲಿ. ಹೂವನ್ನು ಒಳಗೆ ಇಡೋ ಹಾಗಿಲ್ಲ ಅಂತ ಅವರಿಗೆ ಗೊತ್ತಿತ್ತು. ಪ್ಲೈವುಡ್ಡಿಗೆ ಹೊರಗಿಂದ ಮುಟ್ಟಿಸಿ ತಟ್ಟೆಗೇ ವಾಪಸ್ ಹಾಕಿಕೊಂಡರು. ಪೆಟ್ಟಿಗೆ ವೈಟ್‌ಫೀಲ್ಡಿನ ಒಳನಾಡು ಕಂಟೇನರ್ ಡಿಪೋಗೆ, ಅಲ್ಲಿಂದ ಚೆನ್ನೈ ಬಂದರಿಗೆ ಹೋಯ್ತು.

ರಿಬ್ಬನ್ನಿನ ವಿಷಯ. ಬಿಚ್ಚುವವನಿಗೆ ಕೈ ತಡೆಯಲ್ಲ, ಮೊದಲು ಕಿಕ್ ಹೊಡೀತಾನೆ. ಹಾಗಾಗಿ ಕಿಕ್ ಲಿವರಿಗೇ ಒಂದು ರಟ್ಟು ಕಟ್ಟಿ ಬರೆದಿದ್ದೆವು: ಕೆಂಪು ರಿಬ್ಬನ್ ಮೂರಿವೆ, ಮೂರೂ ಎಣಿಸಿ ತೆಗಿ, ಪ್ಲಗ್ ಬಿಚ್ಚಿ ಹತ್ತು ಸಲ ಒದ್ದು ಒಳಗಿನ ಆಯಿಲ್ ಹೊರಗೆ ಹಾಕು, ಹೊಸ ಪ್ಲಗ್ ಹಾಕು, ಟ್ಯಾಂಕನ್ನು ಸ್ವಲ್ಪ ಪೆಟ್ರೋಲಿನಿಂದ ಗಲಬರಿಸಿ ಚೆಲ್ಲು, ಪೆಟ್ರೋಲಿಗೆ 2ಟಿ ಬೆರೆಸೋದು ಮರೀಬೇಡ, ಅಲ್ಲಿನ ಬಂಕಿನವರಿಗೆ ಗೊತ್ತಿರಲ್ಲ, ಬ್ರೇಕ್ ಶೂ ಹೊಸದು, ಮೊದಲ ದಿನ ನಿಧಾನ.

ಅಲ್ಲಿ ತಪಾಸಣೆಗೆ ಬಂದವರು ಟಾರ್ಚ್ ಹಿಡಿದು ಮಡ್‌ಗಾರ್ಡಿನ ಒಳಮಡಿಕೆ ನೋಡಿ, ಟೂಲ್ ಬಾಕ್ಸ್ ತೆಗೆಸಿ ನೋಡಿ, ಬಿಟ್ಟರಂತೆ. ಅಣ್ಣ ಎರಡೇ ರಿಬ್ಬನ್ ತೆಗೆದು ಹತ್ತು ನಿಮಿಷ ಒದ್ದು ಬೆವತರು. ಮೂರನೆಯದು ಎಡಗಡೆ ಸೈಲೆನ್ಸರಿನಲ್ಲಿತ್ತು. ಅದನ್ನೂ ತೆಗೆದ ಮೇಲೆ ವಿಡಿಯೋ ಕಾಲಿನಲ್ಲಿ ನಾವು ಕಂಡಿದ್ದು ಬರೀ ನೀಲಿ ಹೊಗೆ, ಕೇಳಿದ್ದು ಆ ಡಗ್ ಡಗ್ ಸದ್ದು. ಅಮ್ಮ ಫೋನನ್ನು ಕಿವಿ ಹತ್ತಿರ ಹಿಡಿದು ಸ್ವಲ್ಪ ಹೊತ್ತು ಕೇಳಿದರು, ಆಮೇಲೆ ಗಟ್ಟಿಯಾಗಿ ಕೂಗಿದರು: "ಲೋ, ಹಾಗೇ ಹೊರಟುಬಿಡ್ಬೇಡ ಕಣೋ. ಅಲ್ಲಿ ಅಂಗಡೀಲಿ ನಿಂಬೆಹಣ್ಣು ಸಿಗುತ್ತಲ್ವಾ?"